ಒಂದೇ ಗುಂಡಿಯ ಉತ್ತರ

ಹಳೇ ಮೇಲ್ ಆ್ಯಪ್ ಇನ್ನು ಮುಂದೆ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬರಹ ಬಂದ ದಿನ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬಹಳ ದಿನದಿಂದ ಅದು ಹಾಗೆಂದು ಎಚ್ಚರಿಸುತ್ತಲೇ ಇತ್ತು. ಮನೆ ಬಾಗಿಲಿಗೆ ಪಾತ್ರೆ ಮಾರಲು ಬಂದವರಿಗೆ 'ಮುಂದಕ್ಕೆ ಹೋಗಪ್ಪಾ' ಅನ್ನುವ ಹಾಗೆ ನಾನು ಓದದೆ ಮುಚ್ಚಿಬಿಡುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಬೈದುಕೊಂಡು ಹೊಸದನ್ನು ಹಾಕಿಕೊಂಡೆ. ಹಳೇ ಮೇಲ್‌ಗಳೆಲ್ಲ ಬಂದವು, ವಿಳಾಸಗಳೂ ಬಂದವು. ನಾನು ವರ್ಷಗಟ್ಟಲೆ ಕೂತು ಮಾಡಿಕೊಂಡಿದ್ದ ಶಾರ್ಟ್‌ಕಟ್‌ಗಳು ಮಾತ್ರ ಒಂದೂ ಬರಲಿಲ್ಲ.

ತಾಳವಾಡಿಯಲ್ಲಿ ರೈತರದೊಂದು ಸಣ್ಣ ಸಂಘವಿದೆ, ಅದರ ಆಫೀಸಿನಲ್ಲಿ ನನಗೆ ಕೆಲಸ. ಆಫೀಸೆಂದರೆ ಒಂದು ಕೋಣೆ. ಅರ್ಧ ಕೋಣೆಯಲ್ಲಿ ಅರಿಶಿನದ ಮೂಟೆ, ಉಳಿದರ್ಧದಲ್ಲಿ ನಾನು. ನಮ್ಮ ಅರಿಶಿನ, ಹುಣಸೆಹಣ್ಣು, ರಾಗಿ ಕೊಳ್ಳುವವರು ಮೈಸೂರು, ಚಾಮರಾಜನಗರದ ಕಡೆಯವರು, ಅವರಿಗೆ ಕನ್ನಡದಲ್ಲಿ ಬರೆಯಬೇಕು. ಊರು ಸೇರಿದ್ದು ತಮಿಳುನಾಡಿನ ಈರೋಡು ಜಿಲ್ಲೆಗೆ, ಸರ್ಕಾರಕ್ಕೆ ತಮಿಳಿನಲ್ಲಿ ಬರೆಯಬೇಕು. ಅರ್ಜಿಗೆ ನಾವು ಕೂಡ ತಮಿಳರಂತೆ 'ಮನು' ಅಂತಲೇ ಅನ್ನುವುದು. ಹೊಲಕ್ಕೆ ಆನೆ ನುಗ್ಗಿದರೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಒಂದು ಮನು, ಸೋಲಾರ್ ಬೇಲಿ ಕೆಟ್ಟರೆ ಇನ್ನೊಂದು ಮನು. ಊರವರು ಬಂದು ಕನ್ನಡದಲ್ಲಿ ಅಳುತ್ತಾರೆ, ನಾನು ಅದನ್ನೇ ತಮಿಳಿನಲ್ಲಿ ಅತ್ತು ಕಳಿಸುತ್ತೇನೆ.

ಇದನ್ನೆಲ್ಲ ದಿನವೂ ಮೊದಲಿಂದ ಟೈಪ್ ಮಾಡುತ್ತ ಕೂತರೆ ಆಯಸ್ಸು ಸಾಲದು. ಹಾಗಾಗಿ ಹಳೇ ಆ್ಯಪ್‌ನಲ್ಲಿ ಒಂದೊಂದು ಗುಂಡಿಗೆ ಒಂದೊಂದು ಕೆಲಸ ಕಲಿಸಿದ್ದೆ. ಒಂದನ್ನು ಒತ್ತಿದರೆ ಆನೆಯ ಮನು ಪೂರ್ತಿ ತಮಿಳಿನಲ್ಲಿ ಬಂದು ನಿಲ್ಲುತ್ತಿತ್ತು, ಹೊಲದವರ ಹೆಸರು, ಊರು ತುಂಬಿದರೆ ಮುಗಿಯಿತು. ಇನ್ನೊಂದನ್ನು ಒತ್ತಿದರೆ 'ತಮ್ಮ ಮಾಲು ಈ ದಿನ ಲಾರಿಗೆ ಹಾಕಿದ್ದೇವೆ' ಎಂಬ ಕನ್ನಡ. ಗುರುತಿಗೆಂದು ಗುಂಡಿಗಳ ಮೇಲೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೆ, ತಮಿಳಿಗೆ ಕೆಂಪು, ಕನ್ನಡಕ್ಕೆ ಹಸಿರು. ಆಮೇಲಾಮೇಲೆ ಬೊಟ್ಟನ್ನೂ ನೋಡುತ್ತಿರಲಿಲ್ಲ. ಮುದ್ದೆ ಕಟ್ಟುವಾಗ ಕೈಯನ್ನು ಯಾರು ನೋಡುತ್ತಾರೆ?

ಹೊಸ ಆ್ಯಪ್‌ನ ಗುಂಡಿಗಳಿಗೆ ಬೇರೆಯೇ ಬುದ್ಧಿ. ಮೊದಲ ದಿನ ಬೆಳಿಗ್ಗೆಯೇ ನನ್ನ ಬೆರಳು ಹಳೇ ಚಾಳಿಯಲ್ಲಿ ಓಡಿತು. ಮೊದಲಿಂದ ಟೈಪ್ ಮಾಡಿ ಮುಗಿಸಿದ ಆನೆಯ ಮನುವಿಗೆ ವಿಳಾಸ ಹಾಕಲು ಒತ್ತಿದ ಗುಂಡಿ, ಆಗಷ್ಟೇ ತೆರೆದಿಟ್ಟಿದ್ದ ಮೈಸೂರಿನ ಅಂಗಡಿಯವರ ಮೇಲ್‌ಗೆ ಅದನ್ನು ಉತ್ತರವಾಗಿ ಕಳಿಸಿಬಿಟ್ಟಿತು. ಅರ್ಧ ಗಂಟೆಯಲ್ಲಿ ಅವರ ಫೋನ್ ಬಂತು.

"ಏನಮ್ಮಾ, ನಿಮ್ಮ ಮೇಲ್ ತಮಿಳಲ್ಲಿದೆ. ಪಕ್ಕದ ಅಂಗಡಿಯವರ ಹತ್ರ ಓದಿಸ್ದೆ. ಆನೆ ಓಡ್ಸೋದಕ್ಕೆ ಕೂಡಲೇ ಆಳು ಕಳ್ಸಿ ಅಂತಿದೆ. ಅರಿಶಿನ ಮಾರೋನು ನಾನು, ಎಲ್ಲಿಂದ ಕಳಿಸ್ಲಿ?"

ಅವರು ನಕ್ಕರು. ನಾನೂ ನಕ್ಕೆ, ಫೋನ್ ಇಟ್ಟ ಮೇಲೆ ಅದೇ ಮನುವನ್ನು ರೇಂಜ್ ಆಫೀಸಿಗೆ ಕಳಿಸಿದೆ. ಅದಕ್ಕಿಂತ ಕೆಟ್ಟದ್ದೆಂದರೆ ಮೂಲೆಯ ಗುಂಡಿ. ಹಳೆಯದರಲ್ಲಿ ಅದನ್ನು ಒತ್ತಿದರೆ ಮುಂದಿನ ಮೇಲ್ ತೆರೆಯುತ್ತಿತ್ತು. ಹೊಸದರಲ್ಲಿ ಅದೇ ಗುಂಡಿ ಮೇಲನ್ನು ಎತ್ತಿ ಬೇರೊಂದು ಪೆಟ್ಟಿಗೆಗೆ ಹಾಕಿಬಿಡುತ್ತದೆ. ಸದ್ದಿಲ್ಲ, ಕೇಳುವುದಿಲ್ಲ, ಕಣ್ಣ ಮುಂದಿದ್ದದ್ದು ಇಲ್ಲ. ಆ ಗುಂಡಿಯನ್ನು ಬದಲಾಯಿಸಲು ಅದು ಬಿಡಲೂ ಇಲ್ಲ. ಒತ್ತಬಾರದು, ಒತ್ತಬಾರದು ಎಂದು ಕಿರುಬೆರಳಿಗೆ ಹೇಳಿಕೊಂಡೇ ದಿನ ಕಳೆದೆ.

ಇಷ್ಟಕ್ಕೇ ಇಷ್ಟೊಂದು ಚಡಪಡಿಕೆಯೇ ಎಂದು ಕೇಳಬಹುದು. ಅಲ್ಲ. ನಾನು ಒಂದು ಮೇಲ್‌ಗೆ ಕಾಯುತ್ತಿದ್ದೆ.

ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ದೇವರು, ಹರಕೆ ಎಲ್ಲ ಮುಗಿದ ಮೇಲೆ ನಾನೂ ನನ್ನ ಗಂಡನೂ ದತ್ತು ತೆಗೆದುಕೊಳ್ಳಲು ಹೆಸರು ಬರೆಸಿದ್ದೆವು. ಘಾಟಿಯ ಕೆಳಗಿನ ತಮಿಳು ಸೀಮೆಯ ಒಂದು ಊರಿನ ಮಕ್ಕಳ ಮನೆ ಅದು. ಮನೆ ನೋಡಲು ಅಲ್ಲಿಂದ ಬಂದ ಮೇಡಂ ದಿಂಬಂ ಘಾಟಿಯ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಕೊಂಡು ಬಂದಿದ್ದರು. ಅತ್ತೆ ಅವರಿಗೆ ನಿಂಬೆಹಣ್ಣಿನ ಪಾನಕ ಕೊಟ್ಟು, ಗಾಳಿ ಬೀಸಿ, ಸೆರಗಿನಲ್ಲಿ ಮುಖ ಒರೆಸಿದರು. ಆಕೆ ಹೋಗುವಾಗ 'ಮಗುವನ್ನು ನೋಡಿಕೊಳ್ಳುವವರು ಮನೆಯಲ್ಲಿದ್ದಾರೆ' ಎಂದು ಬರೆದುಕೊಂಡು ಹೋದರು. ಎಷ್ಟು ಮಕ್ಕಳು ಬೇಕು ಎಂದು ಕೇಳಿದ್ದಕ್ಕೆ ನನ್ನ ಗಂಡ, ನಮ್ಮ ವಯಸ್ಸಿಗೆ ಒಂದು ಸಾಕು ಎಂದಿದ್ದರು. ನಾನೂ ತಲೆಯಾಡಿಸಿದ್ದೆ.

ಸರದಿ ಬಂದಾಗ ಮೇಲ್ ಬರುತ್ತದೆ, ಎರಡು ದಿನದೊಳಗೆ ಗಂಡಹೆಂಡತಿ ಇಬ್ಬರೂ ಕೂಡಿ ಒಪ್ಪಿಗೆ ತಿಳಿಸಬೇಕು, ತಿಳಿಸದಿದ್ದರೆ ಮುಂದಿನವರಿಗೆ ಹೋಗುತ್ತದೆ ಎಂದು ಮೇಡಂ ಹೇಳಿದ್ದರು. ನಮ್ಮ ಕಡೆಯ ಕರೆಂಟನ್ನೂ ನೆಟ್‌ವರ್ಕನ್ನೂ ಬಲ್ಲವಳು ನಾನು. ಅದಕ್ಕೆ ಅಂದೇ ಹಳೇ ಆ್ಯಪ್‌ನಲ್ಲಿ ಉತ್ತರ ಬರೆದಿಟ್ಟುಬಿಟ್ಟೆ. 'ತಮ್ಮ ಪತ್ರ ನೋಡಿದೆವು. ಈ ಮಗುವನ್ನು ನಮ್ಮ ಮಗುವೆಂದು ಒಪ್ಪಿದ್ದೇವೆ. ಕರೆದ ದಿನ ಬರುತ್ತೇವೆ.' ತಮಿಳಿನಲ್ಲಿ ಮೂರೇ ಸಾಲು, ಒಂದೇ ಗುಂಡಿ. ಅದರ ಮೇಲೆ ಹಳದಿ ಬೊಟ್ಟು. ಎಷ್ಟೋ ಸಲ ಕೆಲಸದ ನಡುವೆ ಆ ಬೊಟ್ಟನ್ನು ಸುಮ್ಮನೆ ಸವರುತ್ತಿದ್ದೆ, ಒತ್ತುತ್ತಿರಲಿಲ್ಲ.

ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಮತ್ತೆ ಮಳೆಗಾಲವೂ ಹೋಯಿತು. ಮೇಲ್ ಬರಲಿಲ್ಲ. ಬಂದದ್ದು ಹೊಸ ಆ್ಯಪ್.

ಸಂಜೆ ಲ್ಯಾಪ್‌ಟಾಪನ್ನು ಮನೆಗೆ ತಂದು, ಜಗಲಿಯ ಮೇಲೆ ಕೂತು ಒಂದೊಂದಾಗಿ ಶಾರ್ಟ್‌ಕಟ್‌ಗಳನ್ನು ಮತ್ತೆ ಕೂರಿಸತೊಡಗಿದೆ. ಆನೆಯ ಮನು ನೆನಪಿತ್ತು. ಬೇಲಿಯದು ಅರ್ಧ ನೆನಪಿತ್ತು, ಹಳೇ ಮೇಲ್ ಹುಡುಕಿ ಉಳಿದರ್ಧ ನಕಲು ಮಾಡಿದೆ. ಮಾಲು ಕಳಿಸಿದ್ದು, ಮಾಲು ಮುಟ್ಟಿದ್ದು, ಹಬ್ಬದ ಶುಭಾಶಯ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ಏನ್ ಮಗ, ಅಂಗ್ ಟಕಟಕ ಅಂತ ಒಡೀತಿದ್ದೀಯ? ಅದೇನ್ ಮಾಡ್ತು ನಿಂಗ?"

"ಎಲ್ಲಾ ಮರ್ತು ಕೂತದ ಅತ್ತೆ. ಮತ್ತ ಮೊದ್ಲಿಂದ ಏಳ್ಕೊಡ್ಬೇಕು."

"ಇನ್ನೆಷ್ಟದ?"

"ಒಂದದ."

ಆ ಒಂದು ಯಾವುದೆಂದು ಕೇಳಿದರು. ಸುಳ್ಳು ಹೇಳಲು ಬರಲಿಲ್ಲ. ಮಗುವಿನ ಮೇಲ್‌ಗೆ ಉತ್ತರ ಮೊದಲೇ ಬರೆದಿಟ್ಟುಕೊಂಡಿದ್ದೆ ಅಂದೆ. ಅತ್ತೆಯ ಕೈ ನಿಂತಿತು.

"ಅಯ್ಯೋ ತಾಯಿ! ಕೂಸು ಉಟ್ಟಕ್ ಮುಂಚೆ ಕುಲಾವಿ ಒಲ್ಸಿದ್ಯಲ್ಲ ಮಗ! ಬಸುರಿ ಮನೆಗೇ ನಾವು ತೊಟ್ಲು ತರಕಿಲ್ಲ. ಅದ್ಕೇ ಏನೋ ಇಷ್ಟ್ ದಿನ ಆದ್ರೂ ಬರ್ನಿಲ್ಲ. ಬುಡು, ಅದೊಂದ ಬರೀಬ್ಯಾಡ."

ನಮ್ಮ ಕಡೆ ಹಾಗೆಯೇ. ಕೂಸು ಕೈಗೆ ಬರುವ ತನಕ ಅದಕ್ಕೆಂದು ಒಂದು ಚೂರು ಬಟ್ಟೆ ತರುವುದಿಲ್ಲ, ಹೆಸರು ಆಡುವುದಿಲ್ಲ. ಅತ್ತೆಗೆ ನನ್ನ ಮೇಲೆ ಕೋಪವಿರಲಿಲ್ಲ, ಹೆದರಿಕೆ ಇತ್ತು. ಆದರೂ 'ಅದ್ಕೇ ಏನೋ' ಎಂಬ ಮಾತು ನನಗೆ ಚುಚ್ಚಿತು. ಪಟ್ಟೆಂದು ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದೆ. ಅವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಿಲ್ಲ.

ಮೂಢನಂಬಿಕೆ ಎಂದು ಬಾಯಲ್ಲಿ ಹೇಳುವುದು ಸುಲಭ. ಆ ಉತ್ತರವನ್ನು ನಾನು ಮತ್ತೆ ಬರೆದಿಡಲಿಲ್ಲ. ಬರೆದಿಡದೆ ಇರಲೂ ಆಗಲಿಲ್ಲ. ಆಫೀಸಿನಲ್ಲಿ ಕೂತರೆ ಏಳಬೇಕು, ಎದ್ದರೆ ಕೂರಬೇಕು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ. ಟೀ ಮಾಡಿಕೊಂಡು ಕುಡಿಯದೆ ಮರೆತೆ. ಹಳದಿ ಬೊಟ್ಟು ಇನ್ನೂ ಅಂಟಿಕೊಂಡೇ ಇತ್ತು, ಅದರ ಕೆಳಗಿನ ಗುಂಡಿಗೆ ಈಗ ಯಾವ ಅರ್ಥವೂ ಇರಲಿಲ್ಲ. ಉಗುರಿನಲ್ಲಿ ಕಿತ್ತು ಬಿಸಾಡಿದೆ.

ಇಂಥ ಒಂದು ಬೆಳಿಗ್ಗೆ ಜೀರಹಳ್ಳಿಯಿಂದ ಒಬ್ಬಾಕೆ ಬಂದಳು. ಆನೆ ಅವಳ ಬಾಳೆಯನ್ನು ಬುಡಸಮೇತ ಕಿತ್ತಿತ್ತು, ಅದರ ಮನು ಕಳಿಸಿದವಳು ನಾನೇ.

"ನನ್ ಮನು ಏನಾಯ್ತವ್ವ? ಆಪೀಸಿಂದ ನಿನ್ನೇನೇ ಉತ್ರ ಕಳ್ಸಿದ್ದೀವಿ ಅಂದ್ರು ಗಾರ್ಡು."

ಏನೂ ಬಂದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಹೇಳುತ್ತಿದ್ದ ಹಾಗೆಯೇ ಕಿರುಬೆರಳಿನ ನೆನಪಾಯಿತು. ಹಿಂದಿನ ದಿನ ಬೆಳಿಗ್ಗೆ ಒಂದು ರಾಶಿ ಮೇಲನ್ನು ಅವಸರದಲ್ಲಿ ಸರಸರ ನೋಡಿ ಮುಗಿಸಿದ್ದೆ. ಮುಗಿಸಿದ್ದೆನೋ, ಮುಚ್ಚಿಟ್ಟಿದ್ದೆನೋ! ಆ ಇನ್ನೊಂದು ಪೆಟ್ಟಿಗೆಯನ್ನು ಹುಡುಕಿ ತೆರೆದೆ. ರೇಂಜ್ ಆಫೀಸಿನ ಉತ್ತರ ಅಲ್ಲಿತ್ತು, ಸೋಮವಾರ ಹೊಲ ನೋಡಲು ಬರುತ್ತಾರಂತೆ. ಅದರ ಕೆಳಗೆ, ತೆರೆಯದೇ ಇದ್ದ ಇನ್ನೊಂದು ಮೇಲ್. ಕಳಿಸಿದವರು ಮಕ್ಕಳ ಮನೆಯವರು.

ಜೀರಹಳ್ಳಿಯಾಕೆಗೆ ಸೋಮವಾರ ಎಂದು ಹೇಳಿದ್ದು ನೆನಪಿದೆ. ಅವಳು ಯಾವಾಗ ಹೋದಳೋ ನೆನಪಿಲ್ಲ. ಒಂದು ಫೋಟೋ ಇತ್ತು. ಮೂರು ವರ್ಷದ ಹೆಣ್ಣು ಮಗು, ಕೂದಲು ಗಿಡ್ಡ, ಕ್ಯಾಮೆರಾ ನೋಡದೆ ಪಕ್ಕದಲ್ಲಿರುವ ಯಾರನ್ನೋ ನೋಡುತ್ತಿದೆ. ಆ ಯಾರೋ ಎರಡನೇ ಫೋಟೋದಲ್ಲಿದ್ದ. ಅವಳ ಅಣ್ಣ, ಏಳು ವರ್ಷ. ಕತ್ತಿನ ತನಕ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತಿದ್ದ. ನೀವು ಕೇಳಿದ್ದು ಒಂದೇ ಮಗು ಎಂದು ಗೊತ್ತು ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಇಬ್ಬರನ್ನೂ ಒಂದೇ ಮನೆಗೆ ಕಳಿಸಬೇಕೆಂಬ ಆಸೆ ನಮ್ಮದು, ನಿಮಗೆ ಇಬ್ಬರೂ ಆಗುತ್ತಾರೆಯೋ ಹುಡುಗಿ ಒಬ್ಬಳೇ ಆಗುತ್ತಾಳೆಯೋ ತಿಳಿಸಿ, ನಾಳೆ ಸಂಜೆಯೊಳಗೆ ತಿಳಿಸದಿದ್ದರೆ ಮುಂದಿನವರನ್ನು ಕೇಳುತ್ತೇವೆ. ಮೇಲ್ ಹಿಂದಿನ ದಿನದ್ದು, ಆ ನಾಳೆ ಎಂದರೆ ಇವತ್ತೇ. ಕೊನೆಯಲ್ಲಿ ಒಂದು ಸಾಲು. 'ಹುಡುಗನ ಜೊತೆ ಮಾತಾಡಿದ್ದೇವೆ. ನಾನು ದೊಡ್ಡವನಾಗಿದ್ದೇನೆ, ಇಲ್ಲೇ ಇರುತ್ತೇನೆ, ತಂಗಿಯನ್ನು ಒಳ್ಳೆಯ ಮನೆಗೆ ಕಳಿಸಿ ಎನ್ನುತ್ತಾನೆ.'

ಮೊದಲ ಸಲ ಓದಿದಾಗ ಅದು ನನಗೆ ಸರಿಯಾಗಿ ಇಳಿಯಲಿಲ್ಲ. ಎರಡನೇ ಸಲ ಓದಿ ಹುಡುಗನ ಫೋಟೋವನ್ನು ದೊಡ್ಡದು ಮಾಡಿದೆ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಮೂರು ವರ್ಷದ್ದು ಮಡಿಲಲ್ಲಿ ಬೆಳೆಯುತ್ತದೆ. ಏಳು ವರ್ಷದವನಿಗೆ ಎಲ್ಲ ನೆನಪಿರುತ್ತದೆ. ಅವನು ನನ್ನನ್ನು ಅಮ್ಮ ಅನ್ನುತ್ತಾನೆಯೇ? ಅನ್ನದಿದ್ದರೆ ನಾನು ತಡೆಯುತ್ತೇನೆಯೇ? ನನ್ನ ಗಂಡ ಒಂದು ಸಾಕು ಎಂದವರು. ಹುಡುಗಿ ಒಬ್ಬಳೇ ಎಂದು ಬರೆದರೆ ಯಾರೂ ನಮ್ಮನ್ನು ಬಯ್ಯುವುದಿಲ್ಲ, ಹುಡುಗನೇ ಒಪ್ಪಿದ್ದಾನಲ್ಲ. ಹಾಗೆ ಯೋಚಿಸುತ್ತಿದ್ದಂತೆ ಆ ಕತ್ತಿನ ಗುಂಡಿ ಕಣ್ಣಿಗೆ ಬಿತ್ತು. ಫೋಟೋ ತೆಗೆಯುತ್ತಾರೆಂದು ತಾನೇ ಹಾಕಿಕೊಂಡಿರಬೇಕು.

ನನ್ನ ಗಂಡ ತಾಳವಾಡಿ–ಸತ್ಯಮಂಗಲ ಬಸ್ಸಿನಲ್ಲಿ ಕಂಡಕ್ಟರ್. ಮುಂಜಾನೆಯ ಬಸ್ಸಿಗೆ ಹೋಗಿದ್ದರು. ಫೋನ್ ಮಾಡಿದೆ, ಸಿಗಲಿಲ್ಲ. ಮತ್ತೆ ಮಾಡಿದೆ, ಮತ್ತೆ. ಬಸ್ಸು ವಾಪಸ್ ಘಾಟಿ ಹತ್ತಿ ಮಧ್ಯಾಹ್ನದ ಹೊತ್ತಿಗೆ ದಿಂಬಂನಲ್ಲಿ ಟೀಗೆ ನಿಲ್ಲುತ್ತದೆ. ಊರಿಗೆ ಬರುವ ತನಕ ಕಾದರೂ ಸಂಜೆಯೊಳಗೆ ಉತ್ತರ ಕೊಡಬಹುದಿತ್ತೇನೋ. ಬಸ್ಸು ಕೆಟ್ಟರೆ? ಮರ ಬಿದ್ದರೆ? ನನಗೆ ಕೂರಲಾಗಲಿಲ್ಲ. ಅತ್ತೆಗೆ ಹೇಳಲು ಮನೆಗೂ ಹೋಗದೆ, ಆಫೀಸಿಗೆ ಬೀಗ ಹಾಕಿ, ಮೇಟ್ಟುಪಾಳ್ಯಕ್ಕೆ ಎಲೆಕೋಸು ಹೇರಿಕೊಂಡು ಹೊರಟಿದ್ದ ಗುರುತಿನವರ ಟೆಂಪೋ ಹತ್ತಿದೆ.

ಹಾಸನೂರು ಇನ್ನೂ ಸ್ವಲ್ಪ ದೂರ ಇದ್ದಾಗ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಒಂದು ಹೆಣ್ಣಾನೆ ಕಬ್ಬಿನ ಲಾರಿಯನ್ನು ತಡೆದು ನಿಧಾನಕ್ಕೆ ಕಬ್ಬು ಎಳೆದು ತಿನ್ನುತ್ತಿತ್ತು, ಅದರ ಮರಿ ಲಾರಿಯ ನೆರಳಲ್ಲಿ. ಟೆಂಪೋ ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿದ.

"ಆರನ್ ಒಡೀಬಾರ್ದಾ?" ಅಂದೆ.

"ಸುಮ್ನಿರಕ್ಕ. ಮರಿ ಅದ. ಒಡುದ್ರ ಗಾಡೀನೇ ಉಳ್ಸಕಿಲ್ಲ."

ಗೊತ್ತಿಲ್ಲದವಳೇನಲ್ಲ ನಾನು. ಆನೆಯ ಮನು ಬರೆದು ಬರೆದು ಬೆರಳು ಸವೆಸಿದವಳು. ಆದರೂ ಅವತ್ತು ಆ ಆನೆಯನ್ನು ಮನಸಾರೆ ಬೈದೆ. ಅದು ತಿಂದು, ಮರಿಗೂ ಒಂದು ಜಲ್ಲೆ ತೆಗೆದು ಹಾಕಿ, ತನ್ನ ಹೊತ್ತಿಗೆ ತಾನು ಕಾಡಿಗಿಳಿಯಿತು.

ದಿಂಬಂನಲ್ಲಿ ನಾನು ಇಳಿಯುವುದಕ್ಕೂ ಬಸ್ಸು ಕೊನೆಯ ತಿರುವು ಹತ್ತಿ ಬರುವುದಕ್ಕೂ ಸರಿಹೋಯಿತು. ಟೀ ಅಂಗಡಿಯ ಮುಂದೆ ನನ್ನನ್ನು ನೋಡಿದ್ದೇ ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಟಿಕೆಟ್ ಚೀಲ ಹಿಡಿದುಕೊಂಡು ಓಡಿ ಬಂದರು.

"ಏನಮ್ಮಿ? ಅವ್ವಂಗೇನಾಯ್ತು?"

"ಅತ್ತೆ ಚೆನ್ನಾಗವ್ರ. ಇದ ನೋಡಿ."

ಕನ್ನಡಕ ಇರಲಿಲ್ಲ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಓದು ಅಂದರು. ನಾನು ಇಂಗ್ಲಿಷನ್ನು ಕನ್ನಡಕ್ಕೆ ಮಾಡುತ್ತ ಓದಿದೆ. ಎರಡು ಮಕ್ಕಳು ಎಂದಾಗ ಅವರು ಫೋನಿನತ್ತ ಬಗ್ಗಿದರು. ಸುತ್ತ ಜನ ಟೀ ಕುಡಿಯುತ್ತಿದ್ದರು, ಕೆಳಗಿಂದ ಮಂಜು ಎದ್ದು ಬರುತ್ತಿತ್ತು. ಕೊನೆಯ ಸಾಲನ್ನು ಮೊದಲು ಇಂಗ್ಲಿಷಿನಲ್ಲೇ ಓದಿಕೊಂಡೆ. ಅವರು ಕಾದರು. ಆಮೇಲೆ ಕನ್ನಡದಲ್ಲಿ ಹೇಳಿದೆ.

"ಏಳ್ ವರ್ಸದ್ ಉಡ್ಗ ಇಂಗಂದವ್ನಾ?"

"ಊಂ."

ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ಸುಮಾರು ಹೊತ್ತು ಟವೆಲನ್ನು ಮುಖದಿಂದ ತೆಗೆಯಲೇ ಇಲ್ಲ.

"ಬರಿ," ಅಂದರು.

"ಏನಂತ ಬರೀಲಿ?"

"ಇಬ್ರೂವೆ ಅಂತ ಬರಿ. ಅವ್ನ್ಗ ಮೊದ್ಲು ಏಳಿ ಅಂತ ಬರಿ."

ಬರೆದಿಟ್ಟ ಉತ್ತರ ಇದ್ದಿದ್ದರೂ ಈಗ ಅದು ಕೆಲಸಕ್ಕೆ ಬರುತ್ತಿರಲಿಲ್ಲ, ಅದರಲ್ಲಿದ್ದದ್ದು ಒಂದೇ ಮಗು. ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತು ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ದಿನಕ್ಕೆ ಇಪ್ಪತ್ತು ಮನು ಬರೆಯುವವಳಿಗೆ ಒಂದು ಸಾಲು ತಮಿಳು ಕೂಡಿಬರಲಿಲ್ಲ. ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಬರೆದದ್ದು ಇಷ್ಟು: 'ಇಬ್ಬರೂ ನಮ್ಮ ಮಕ್ಕಳು. ಹುಡುಗನನ್ನು ಈಗಲೇ ಕರೆದು ಹೇಳಿ, ಅವನು ಅಲ್ಲಿ ಉಳಿಯಬೇಕಾಗಿಲ್ಲ. ಅವನನ್ನೂ ಕರೆದುಕೊಂಡು ಹೋಗಲು ಬರುತ್ತೇವೆ.'

ಕಳಿಸು ಎಂದು ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಮಂಜಿಗೋ ಏನೋ ನೆಟ್‌ವರ್ಕ್ ಒಂದು ಕಡ್ಡಿಯಲ್ಲಿ ನಿಂತು ನಿಂತು ಸಾಯುತ್ತಿತ್ತು. ದಿಂಬಂ ಬಿಟ್ಟರೆ ಕಾಡಿನ ದಾರಿ, ಅಲ್ಲಿ ಆ ಒಂದು ಕಡ್ಡಿಯೂ ಇಲ್ಲ. ಜನರೆಲ್ಲ ಟೀ ಮುಗಿಸಿ ಹತ್ತಿ ಕೂತಾಗಿತ್ತು. ಡ್ರೈವರ್ ಎಂಜಿನ್ ಶುರು ಮಾಡಿ ಕನ್ನಡಿಯಲ್ಲಿ ನೋಡಿದ. ನನ್ನ ಗಂಡ ಬಾಗಿಲಲ್ಲಿ ನಿಂತು, ಸೀಟಿಯನ್ನು ಕೈಯಲ್ಲೇ ಹಿಡಿದುಕೊಂಡು, ನನ್ನ ಫೋನನ್ನೇ ನೋಡುತ್ತಿದ್ದರು.

"ಏನ್ ಕಂಡಕ್ಟ್ರೇ, ಬಸ್ ಬುಡಕಿಲ್ವಾ?" ಹಿಂದಿನಿಂದ ಯಾರೋ ಕೂಗಿದರು.

"ತಡೀರಿ," ಅಂದರು ಅವರು, ಆ ಕಡೆ ತಿರುಗದೆ. "ಇನ್ನೂ ಇಬ್ರು ಬರ್ಬೇಕು."

ಚಕ್ರ ನಿಂತಿತು. ಹೋಯಿತು ಎಂದು ನಾನು ತಲೆಯಾಡಿಸಿದೆ. ಆಮೇಲೆ ಅವರು ಸೀಟಿ ಊದಿದರು.